ಬಾಲಮಂದಿರ ಬಿಡಲಿರುವ ಅಕ್ಕನ ಮಗ

ಪ್ರಶ್ನೆ: ಅಕ್ಕ ತೀರಿಕೊಂಡ ಮೇಲೆ ಅವಳ ಮಗ ಸರ್ಕಾರಿ ಬಾಲಮಂದಿರದಲ್ಲೇ ಬೆಳೆದಿದ್ದಾನೆ. ಈಗ ದ್ವಿತೀಯ ಪಿಯುಸಿ. ಕೆಲವೇ ತಿಂಗಳಲ್ಲಿ 18 ತುಂಬುತ್ತದೆ, ಅಲ್ಲಿಂದ ಹೊರಡಬೇಕು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ, ಬೆಳೆದ ಹೆಣ್ಣುಮಕ್ಕಳಿದ್ದಾರೆ. ಯಜಮಾನರು ಅವನನ್ನು ಕರೆತರಲು ಒಪ್ಪುತ್ತಿಲ್ಲ. ಕೈಬಿಟ್ಟರೆ ಅಕ್ಕನಿಗೆ ದ್ರೋಹ ಬಗೆದಂತಾಗುತ್ತದೆ. ಏನು ಮಾಡಲಿ?

ಉತ್ತರ: ಅವನನ್ನು ಮನೆಗೆ ಕರೆತರಬೇಕು, ಇಲ್ಲವೇ ಕೈಬಿಡಬೇಕು ಎಂಬ ಎರಡೇ ದಾರಿಗಳ ನಡುವೆ ನೀವು ನರಳುತ್ತಿದ್ದೀರಿ, ತಾಯಿ. ಮೂರನೆಯದೊಂದು ಇದೆ. ಪಾಲನಾ ಸಂಸ್ಥೆಯಿಂದ 18 ತುಂಬಿ ಹೊರಬರುವವರಿಗೆ ಹಣದ ನೆರವು ನೀಡಲು 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿಯನ್ನು 21 ವರ್ಷದವರೆಗೆ, ಅಗತ್ಯವಿದ್ದರೆ 23ರವರೆಗೆ ಕೊಡಬಹುದೆಂದಿದೆ. ಆದರೆ ಇದು ತಾನಾಗಿಯೇ ಕೈಸೇರುವುದಿಲ್ಲ. ಯಾರಾದರೂ ಬೆನ್ನುಹತ್ತಬೇಕು, ಆ ಯಾರಾದರೂ ನೀವಾಗಬಹುದು. ಅವನು ಅಲ್ಲಿರುವಾಗಲೇ ಅಧೀಕ್ಷಕರನ್ನೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಯನ್ನೂ ಕಂಡು, ಅನುಪಾಲನೆಗೆ, ಅಂದರೆ ಸಂಸ್ಥೆ ಬಿಟ್ಟ ನಂತರದ ಈ ನೆರವಿಗೆ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಾಸಕ್ಕೆ ಅನುಪಾಲನಾ ಗೃಹವೋ ವಿದ್ಯಾರ್ಥಿನಿಲಯವೋ ಸಿಗುವುದೇ ಎಂದೂ ವಿಚಾರಿಸಿ. ಆಧಾರ್, ಜಾತಿ ಪ್ರಮಾಣಪತ್ರ, ಅಂಕಪಟ್ಟಿಗಳ ಮೂಲಪ್ರತಿ ಅವನ ಕೈಯಲ್ಲಿರಲಿ. ಬಾಲಕನ ಹೆಸರಿನ ಬ್ಯಾಂಕ್ ಖಾತೆಗೆ 18 ತುಂಬಿದೊಡನೆ ಹೊಸ ಸಹಿ, ಕೆವೈಸಿ ಬೇಕಾಗುತ್ತದೆ. ಇದನ್ನು ಮರೆತರೆ ಬಂದ ಹಣವನ್ನೂ ತೆಗೆಯಲಾಗದೆ ಪರದಾಡಬೇಕಾದೀತು.

ಇಷ್ಟಾದರೂ ಹಣವೊಂದೇ ಅವನನ್ನು ದಡ ಸೇರಿಸದು. ಗಂಟೆ ಹೊಡೆದಾಗ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬೆಳೆದ ಹುಡುಗನಿಗೆ ಕಾಲು ಕೆಜಿ ತೊಗರಿಬೇಳೆ ಎಷ್ಟು ದಿನ ಬರುತ್ತದೆ, ಜ್ವರ ಬಂದರೆ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು ಎಲ್ಲಿ ಎಂಬುದು ಗೊತ್ತಿರಲಿಕ್ಕಿಲ್ಲ. ಅನುಮತಿ ಪಡೆದು ರಜೆಯಲ್ಲಿ ಕರೆತಂದಾಗ ಚೀಟಿ, ದುಡ್ಡು ಕೊಟ್ಟು ಕಿರಾಣಿ ಅಂಗಡಿಗೆ ಅವನೊಬ್ಬನನ್ನೇ ಕಳಿಸಿ. ಅನ್ನ–ಸಾರು ಮಾಡುವುದನ್ನು ಪಕ್ಕದಲ್ಲಿ ನಿಂತು ಕಲಿಸಿ.

ನಿಮ್ಮ ಯಜಮಾನರನ್ನು ಕಲ್ಲುಮನಸ್ಸಿನವರೆಂದು ನಾನು ಹೇಳಲಾರೆ. ಚಿಕ್ಕ ಮನೆಯ ಇಕ್ಕಟ್ಟು ನಿಜವಾದದ್ದೇ. ಅವರಲ್ಲಿ ಇಷ್ಟನ್ನೇ ಕೇಳಿ: ಹಬ್ಬಹುಣ್ಣಿಮೆಗೆ ಅವನು ಬಂದು ಹೋಗಲಿ, ಕಚೇರಿಯ ಕಾಗದಗಳಲ್ಲಿ ಸಂಬಂಧಿಕರೆಂದು ನಮ್ಮ ಫೋನ್ ಸಂಖ್ಯೆ ಇರಲಿ. ಅದಕ್ಕೂ ಮೊದಲು ಹುಡುಗನನ್ನೇ ಕೇಳಬೇಕು. ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ, ಅವನದೊಂದಿಲ್ಲ. ಅವನಿಗೆ ಐಟಿಐ ಸೇರುವ ಮನಸ್ಸಿದೆಯೋ, ಪದವಿ ಓದುವ ಆಸೆಯೋ, ಗೆಳೆಯರೊಡನೆ ಕೋಣೆ ಹಿಡಿಯುವ ಯೋಚನೆಯೋ? ಮುಂದಿನ ಭೇಟಿಯಲ್ಲಿ ಕೇಳಿ. ಆಗುವುದಾದರೆ ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ.