ಭಾವನ ಪ್ಲಾಸ್ಮಾ ಟಿವಿ ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಲೇ?

ಪ್ರಶ್ನೆ: ನಮ್ಮ ಭಾವ ಮನೆ ಬದಲಿಸುತ್ತಿದ್ದಾರೆ. 2012ರಲ್ಲಿ ಕೊಂಡ 42 ಇಂಚಿನ ಪ್ಲಾಸ್ಮಾ ಟಿವಿಯನ್ನು ಐದು ಸಾವಿರಕ್ಕೆ ಕೊಡುತ್ತೇನೆ ಎನ್ನುತ್ತಾರೆ. ಈಗಿನ ಎಲ್‌ಸಿಡಿಗಿಂತ ಅದರ ಚಿತ್ರವೇ ಚೆಂದ ಎಂಬುದು ಅವರ ವಾದ. ಅಂಗಡಿಯವರನ್ನು ಕೇಳಿದರೆ, ‘ಎಲ್‌ಸಿಡಿ ಈಗ ಯಾರು ತಗೋತಾರೆ ಸರ್, ಕ್ಯೂಎಲ್‌ಇಡಿ ನೋಡಿ’ ಅಂದರು. ನಮ್ಮ ಹಾಲ್‌ಗೆ ಎರಡು ದೊಡ್ಡ ಕಿಟಕಿಗಳಿವೆ. ಅಪ್ಪ ಬೆಳಿಗ್ಗೆಯಿಂದ ನ್ಯೂಸ್ ಚಾನೆಲ್ ಹಾಕಿಕೊಂಡು ಕೂರುತ್ತಾರೆ, ರಾತ್ರಿ ಮಗನಿಗೆ ಕ್ರಿಕೆಟ್, ಸಿನಿಮಾ. ಸೋಫಾದಿಂದ ಟಿವಿಗೆ ಎಂಟು ಅಡಿ. ಯಾವುದು ತಗೊಳ್ಳಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಭಾವನ ಮಾತು ಮುಕ್ಕಾಲು ಪಾಲು ನಿಜ. ಆದರೂ ಆ ಟಿವಿ ನಿಮ್ಮ ಮನೆಗೆ ಬೇಡ.

ಪ್ಲಾಸ್ಮಾ ಪರದೆಯೊಳಗೆ ನಿಯಾನ್, ಕ್ಸೆನಾನ್ ಅನಿಲ ತುಂಬಿದ ಲಕ್ಷಾಂತರ ಪುಟ್ಟ ಕೋಶಗಳಿರುತ್ತವೆ. ಕರೆಂಟ್ ಹಾಯ್ದಾಗ ಅನಿಲದಿಂದ ಹೊಮ್ಮುವ ಅತಿನೇರಳೆ ಕಿರಣ ಕೋಶದ ಒಳಗಿನ ಫಾಸ್ಫರ್ ಲೇಪಕ್ಕೆ ತಾಗಿ ಕೆಂಪು, ಹಸಿರು, ನೀಲಿ ಬೆಳಕಾಗುತ್ತದೆ. ಹೆಚ್ಚುಕಡಿಮೆ ಟ್ಯೂಬ್‌ಲೈಟ್ ಉರಿಯುವ ಬಗೆಯೇ. ಕೋಶಗಳು ತಾವೇ ಬೆಳಗುವುದರಿಂದ ರಾತ್ರಿಯ ದೃಶ್ಯಗಳಲ್ಲಿ ಕಪ್ಪು ಗಾಢವಾಗಿರುತ್ತದೆ. ಪಕ್ಕದಲ್ಲಿ ಕೂತು ನೋಡಿದರೂ ಬಣ್ಣ ಕೆಡದು, ಬೌಂಡರಿಗೆ ಓಡುವ ಚೆಂಡು ಮಸುಕಾಗದು. ಎಲ್‌ಸಿಡಿಯಲ್ಲಿ ಹಾಗಲ್ಲ. ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ಮುಂದಿನ ದ್ರವಸ್ಫಟಿಕದ ಪದರ ಅದನ್ನು ಬೇಕಾದಷ್ಟು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಪೂರ್ತಿ ತಡೆಯಲಾಗದೆ ಸೋರಿದ ಬೆಳಕಿಗೆ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ.

ಇಷ್ಟಿದ್ದೂ ಪ್ಲಾಸ್ಮಾ ಸೋತಿತು. ಪ್ಯಾನಸೋನಿಕ್ 2013ರ ಕೊನೆಗೆ, ಸ್ಯಾಮ್‌ಸಂಗ್ 2014ರಲ್ಲಿ ತಯಾರಿಕೆ ನಿಲ್ಲಿಸಿದವು. ಭಾರ, ಬಿಸಿ, ಕರೆಂಟ್ ಖರ್ಚು ಎಲ್ಲವೂ ಜಾಸ್ತಿ. ಇಂದು ಅದರ ಬೋರ್ಡ್ ಕೆಟ್ಟರೆ ರಿಪೇರಿಯವರು ಹಳೆ ಸೆಟ್ ಬಿಚ್ಚಿಯೇ ಭಾಗ ಹುಡುಕಬೇಕು.

ಆದರೆ ನಿಮ್ಮ ವಿಷಯದಲ್ಲಿ ನನಗಿರುವ ಮುಖ್ಯ ಹೆದರಿಕೆ ಅಪ್ಪನವರ ನ್ಯೂಸ್ ಚಾನೆಲ್! ಕನ್ನಡ ಸುದ್ದಿವಾಹಿನಿಗಳ ಪರದೆ ನಿಮಗೆ ಗೊತ್ತೇ ಇದೆ: ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಲೋಗೋ, ದಿನವಿಡೀ ಅದೇ ಜಾಗದಲ್ಲಿ. ಅಲ್ಲಿನ ಫಾಸ್ಫರ್ ಉಳಿದ ಕಡೆಗಿಂತ ಬೇಗ ಸವೆದು, ಸಿನಿಮಾ ಹಾಕಿದಾಗಲೂ ಆ ಪಟ್ಟಿಯ ನೆರಳು ಕಾಣಿಸತೊಡಗುತ್ತದೆ. ಒಮ್ಮೆ ಹೀಗೆ ಅಚ್ಚೊತ್ತಿದರೆ ಹೋಗುವುದು ಕಷ್ಟ. ಹಗಲು ಕಿಟಕಿಯ ಬೆಳಕಿನಲ್ಲಿ ಪ್ಲಾಸ್ಮಾದ ಆ ಗಾಢ ಕಪ್ಪೂ ಕಾಣುವುದಿಲ್ಲ. ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತದೆ.

ಕರೆಂಟ್ ಲೆಕ್ಕವನ್ನೂ ನೋಡಿ. 42 ಇಂಚಿನ ಪ್ಲಾಸ್ಮಾ ಸುಮಾರು 250 ವಾಟ್, ಅದೇ ಗಾತ್ರದ ಹೊಸ ಟಿವಿ ಸುಮಾರು 80 ವಾಟ್ ಎಂದುಕೊಂಡರೆ, ದಿನಕ್ಕೆ 6 ಗಂಟೆಗೆ ತಿಂಗಳಲ್ಲಿ 30 ಯೂನಿಟ್ ವ್ಯತ್ಯಾಸ. ನಿಮ್ಮಲ್ಲಿ ಅದಕ್ಕಿಂತ ಹೆಚ್ಚು ಹೊತ್ತೇ ಉರಿಯುತ್ತದೆ. ಗೃಹಜ್ಯೋತಿ ಫಲಾನುಭವಿಗಳಾಗಿದ್ದರೆ ಇದು ಸಣ್ಣದಲ್ಲ. ನಿಮಗೆ ನಿಗದಿಯಾದ ಮಿತಿ ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ.

ಇನ್ನು ಅಂಗಡಿಯವರ ಮಾತು. ‘ಎಲ್‌ಇಡಿ’ ಎಂದು ಮಾರುವುದೂ ಎಲ್‌ಸಿಡಿಯೇ, ಹಿಂದಿನ ದೀಪ ಮಾತ್ರ ಎಲ್‌ಇಡಿ. ಕ್ಯೂಎಲ್‌ಇಡಿ ಎಂದರೂ ಎಲ್‌ಸಿಡಿಯೇ, ಬಣ್ಣ ಇನ್ನಷ್ಟು ಶುದ್ಧವಾಗಿ ಕಾಣಲು ಕ್ವಾಂಟಂ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಪದರ ಸೇರಿಸಿರುತ್ತಾರೆ. ಪ್ಲಾಸ್ಮಾದ ನಿಜವಾದ ವಾರಸುದಾರ ಓಎಲ್‌ಇಡಿ. ಅದರ ಚುಕ್ಕಿಗಳೂ ತಾವೇ ಬೆಳಗುತ್ತವೆ, ಕಪ್ಪು ಇನ್ನೂ ಗಾಢ. ಬೆಲೆ ಜಾಸ್ತಿ, ಜೊತೆಗೆ ಅಚ್ಚೊತ್ತುವ ರೋಗವೂ ಇದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ನಾನು ಅದನ್ನೇ ಹೇಳುತ್ತೇನೆ, ನಿಮಗೆ ಹೇಳಲಾರೆ.

ನಿಮ್ಮ ಮನೆಗೆ ಸರಿಯಾದದ್ದು 4ಕೆ ಎಲ್‌ಸಿಡಿ, ಎಂಟು ಅಡಿಗೆ 50 ಅಥವಾ 55 ಇಂಚು. ಕ್ಯೂಎಲ್‌ಇಡಿ ಹೆಸರಿಗಿಂತ ಮುಖ್ಯವಾಗಿ ಕೇಳಬೇಕಾದ್ದು ಪ್ಯಾನಲ್ ಐಪಿಎಸ್ಸೋ ವಿಎಯೋ ಎಂದು. ಇವು ಎಲ್‌ಸಿಡಿ ಪರದೆಯ ಎರಡು ಬಗೆ. ಐಪಿಎಸ್‌ನಲ್ಲಿ ಪಕ್ಕದಲ್ಲಿ ಕೂತವರಿಗೂ ಬಣ್ಣ ಸರಿ ಕಾಣುತ್ತದೆ, ಕಪ್ಪು ತುಸು ಪೇಲವ. ವಿಎಯಲ್ಲಿ ಕಪ್ಪು ಚೆನ್ನ, ಓರೆಯಿಂದ ಬಣ್ಣ ಮಂಕು. ಸೋಫಾ ಟಿವಿಯ ಎದುರಿಗೇ ಇದ್ದರೆ ವಿಎ ತಗೊಳ್ಳಿ. ದುಡ್ಡು ಹೆಚ್ಚಿದ್ದರೆ ದೀಪವನ್ನು ಭಾಗಭಾಗವಾಗಿ ಮಂಕಾಗಿಸುವ ಮಿನಿ ಎಲ್‌ಇಡಿ ನೋಡಬಹುದು. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ, ಚೌಕಾಸಿ ಮಾಡುವಾಗ ನೆನಪಿರಲಿ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಒಂದು ರಾತ್ರಿಯ ದೃಶ್ಯ, ಒಂದು ಕ್ರಿಕೆಟ್ ತುಣುಕು ಹಾಕಿಕೊಂಡು ಹೋಗಿ. ಅಲ್ಲಿ ಎಲ್ಲ ಟಿವಿಗಳನ್ನೂ ಕಣ್ಣು ಕೋರೈಸುವ ವಿವಿಡ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಅದನ್ನು ಸಿನಿಮಾ ಮೋಡ್‌ಗೆ ಬದಲಿಸಲು ಹೇಳಿ, ನಿಮ್ಮ ತುಣುಕು ಓಡಿಸಿ ನೋಡಿ. ಮನೆಗೆ ತಂದ ಮೇಲೆ ಹಳೆ ಸೆಟ್‌ಟಾಪ್ ಬಾಕ್ಸ್‌ನ ಎಸ್‌ಡಿ ಚಾನೆಲ್‌ಗಳು 55 ಇಂಚಿನಲ್ಲಿ ಮಸುಕಾಗಿ ಕಂಡರೆ ಟಿವಿಯನ್ನು ಬೈಯಬೇಡಿ, ಎಚ್‌ಡಿ ಬಾಕ್ಸ್ ಹಾಕಿಸಿಕೊಳ್ಳಿ.