ನಾಣ್ಯದ ಮೇಲಿರುವುದು ಅಲೆಕ್ಸಾಂಡರನ ಮುಖವಲ್ಲ

ನಮಸ್ಕಾರ.

ಪ್ರಾಚೀನ ಗ್ರೀಕರ ಚಿನ್ನದ ನಾಣ್ಯಗಳನ್ನು ಗುರುತಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಶ್ರಮ ಕಾಣುತ್ತದೆ. ಆದರೆ ಎರಡನೇ ಪುಟದ ಮೂರು ವಾಕ್ಯಗಳು ರಾತ್ರಿಯೆಲ್ಲ ನನ್ನನ್ನು ಕಾಡಿದವು.

‘ಶಿರಸ್ತ್ರಾಣ ಧರಿಸಿದ ವೀರ ಅಲೆಕ್ಸಾಂಡರ್ ನಮ್ಮತ್ತ ನೋಡುತ್ತಾನೆ’ ಎಂದಿದ್ದೀರಿ. ಸುಮಾರು 8.6 ಗ್ರಾಂ ತೂಗುವ, ಸ್ಟೇಟರ್ ಎಂಬ ಆ ಚಿನ್ನದ ನಾಣ್ಯದ ಮೇಲಿರುವವಳು ಅಥೀನಾ ದೇವಿ. ಕೊರಿಂತ್ ಮಾದರಿಯ ಶಿರಸ್ತ್ರಾಣದ ಕೆಳಗೆ ಕುತ್ತಿಗೆಗೆ ಇಳಿದ ಕೂದಲ ಸುರುಳಿಗಳನ್ನು ನೋಡಿ. ಅವಳು ನಮ್ಮತ್ತ ನೋಡುತ್ತಲೂ ಇಲ್ಲ, ಮುಖ ಬಲಕ್ಕೆ ತಿರುಗಿದೆ. ಅಲೆಕ್ಸಾಂಡರನ ಮುಖವೇ ಬೇಕಿದ್ದರೆ, ಅವನ ಸೇನಾನಿಯಾಗಿದ್ದು ಮುಂದೆ ರಾಜನಾದ ಲೈಸಿಮಾಕಸನ ಸ್ಟೇಟರ್ ನೋಡಿ. ಅಲ್ಲಿ ಕಿವಿಯ ಬಳಿ ಸುತ್ತಿಕೊಂಡ ಟಗರಿನ ಕೊಂಬಿದೆ, ಈಜಿಪ್ಟಿನ ಅಮ್ಮೋನ್ ದೇವರ ಗುರುತು.

‘ಹಿಂಬದಿಯಲ್ಲಿ ಈಟಿ ಹಿಡಿದ ದೇವತೆ.’ ಅವಳು ರೆಕ್ಕೆಯುಳ್ಳ ವಿಜಯದೇವತೆ ನೈಕಿ. ಒಂದು ಕೈಯಲ್ಲಿ ಎಲೆಗಳ ಮಾಲೆ, ಇನ್ನೊಂದರಲ್ಲಿ ಹಡಗಿನ ಹಿಂಭಾಗದಲ್ಲಿ ನಿಲ್ಲಿಸುತ್ತಿದ್ದ ಅಡ್ಡಪಟ್ಟಿಯ ಕೋಲು. ಈಟಿಗೆ ಅಡ್ಡಪಟ್ಟಿ ಎಲ್ಲಿಂದ ಬಂತು ಎಂದು ನೀವು ಒಮ್ಮೆಯೂ ಕೇಳಿಕೊಳ್ಳಲಿಲ್ಲವೇ?

‘ಅಲೆಕ್ಸಾಂಡರನ ಹೆಸರಿದೆ, ಆದ್ದರಿಂದ ಅವನ ಕಾಲದ್ದೇ.’ ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿ. ಅಲ್ಲಿರುವುದು ಷಷ್ಠಿ ವಿಭಕ್ತಿ: ‘ಅಲೆಕ್ಸಾಂಡ್ರೂ’, ಅಂದರೆ ‘ಅಲೆಕ್ಸಾಂಡರನ’. ಕ್ರಿ.ಪೂ. 323ರಲ್ಲಿ ಆತ ತೀರಿಕೊಂಡ ಮೇಲೂ ದಶಕಗಳ ಕಾಲ ಹಲವು ಊರುಗಳ ಟಂಕಸಾಲೆಗಳು ಅದೇ ಹೆಸರು, ಅದೇ ಚಿತ್ರ ಅಚ್ಚು ಹಾಕುತ್ತಲೇ ಇದ್ದವು. ಮಲಸೋದರ ಮೂರನೇ ಫಿಲಿಪ್ ಪಟ್ಟಕ್ಕೆ ಬಂದಾಗ ಕೆಲವೆಡೆ ಚಿತ್ರ ಹಾಗೇ ಉಳಿದು ಹೆಸರಷ್ಟೇ ‘ಫಿಲಿಪ್ಪೂ’ ಆಯಿತು. ಕಾಲ, ಊರು ಪತ್ತೆ ಮಾಡಲು ನೆರವಾಗುವುದು ನೈಕಿಯ ಅಕ್ಕಪಕ್ಕದ ಪುಟ್ಟ ಗುರುತುಗಳು: ತ್ರಿಶೂಲ, ಸಿಡಿಲು, ಒಂದಕ್ಕೊಂದು ಹೆಣೆದ ಅಕ್ಷರಗಳು. ಅವುಗಳ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ನಾನು ಕೆಲಸ ಕಲಿಯುತ್ತಿದ್ದಾಗ ಹಿರಿಯರೊಬ್ಬರು ವಿಜಯನಗರದ ವರಾಹವೊಂದನ್ನು ಮುಂದಿಟ್ಟು ವಿವರ ಬರೆ ಎಂದಿದ್ದರು. ನಾಗರಿ ಲಿಪಿಯಲ್ಲಿ ಅಚ್ಯುತರಾಯನ ಹೆಸರು ಓದಿದ ಖುಷಿಯಲ್ಲಿ, ಇನ್ನೊಂದು ಬದಿಗೆ ‘ಹಕ್ಕಿ’ ಎಂದು ಬರೆದು ಮುಗಿಸಿದೆ. ಅವರು ಮಾತಾಡದೆ ಭೂತಗನ್ನಡಿ ಕೈಗಿಟ್ಟರು. ಗಂಡಭೇರುಂಡದ ಎರಡನೇ ತಲೆ ಕಂಡಾಗ ನನ್ನ ಕಣ್ಣಲ್ಲಿ ನೀರು ಬಂತು. ಮುಂದೆ ಒಂದು ವರ್ಷ ಅವರು ನನಗೆ ರಾಜನ ಹೆಸರು ಬರೆಯಲು ಬಿಡಲಿಲ್ಲ. ತೂಕ, ಅಳತೆ, ಕಣ್ಣಿಗೆ ಕಂಡದ್ದು, ಅಷ್ಟೇ.

ಆ ಎರಡನೇ ಪುಟವನ್ನು ಹಾಗೆ ಬರೆದು ಕಳಿಸಿ. ನಾಣ್ಯದ ಎರಡೂ ಬದಿಯ ದೊಡ್ಡ ಚಿತ್ರ ಜೊತೆಗಿರಲಿ. ಉಳಿದ ಪುಟಗಳನ್ನು ಆಮೇಲೆ ನೋಡೋಣ.