ರೈಲ್ವೆ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಮೂರನೇ ಒಂದರಷ್ಟು ಅಂಕ ಕಳೆಯುವುದು ಯಾಕೆ? ಗೊತ್ತಿಲ್ಲದ್ದನ್ನು ಬಿಟ್ಟುಬಿಡಬೇಕಾ?

ಕಣ್ಣು ಮುಚ್ಚಿ ಗುರುತು ಹಾಕಿದವರಿಗೆ ಲಾಭ ಆಗಬಾರದು ಅಂತಲೇ ಆ ಲೆಕ್ಕ. ಎನ್‌ಟಿಪಿಸಿ (ಗುಮಾಸ್ತ, ಟಿಕೆಟ್ ಕ್ಲರ್ಕ್‌ನಂಥ ಹುದ್ದೆಗಳು) ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ. 12 ಪ್ರಶ್ನೆಗೆ ಸುಮ್ಮನೆ ಊಹಿಸಿದಿರಿ ಎನ್ನಿ: ಸರಾಸರಿ 3 ಸರಿ, 9 ತಪ್ಪು. ಬಂದದ್ದು 3 ಅಂಕ, ಹೋದದ್ದೂ 3. ಕೈಗೆ ಸೊನ್ನೆ.

ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಿದ್ದರೆ ಲೆಕ್ಕ ತಿರುಗುತ್ತದೆ. ಆಗ 12ರಲ್ಲಿ 4 ಸರಿ, 8 ತಪ್ಪು, ಸುಮಾರು 1.33 ಅಂಕ ಉಳಿಯುತ್ತದೆ. ಹಾಗಾಗಿ ಏನೂ ಗೊತ್ತಿಲ್ಲದ್ದನ್ನು ಬಿಡಿ, ಅರ್ಧಂಬರ್ಧ ಗೊತ್ತಿದ್ದರೆ ಹಾಕಿ. ‘ಮುಟ್ಟಲೇಬೇಡಿ’ ಅಂತ ಕೋಚಿಂಗ್‌ನಲ್ಲಿ ಹೆದರಿಸುವುದು ನನಗೆ ಸರಿ ಕಾಣದು. ಕೆಪಿಎಸ್‌ಸಿಯ (ಕರ್ನಾಟಕ ಲೋಕಸೇವಾ ಆಯೋಗ) ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗಳಲ್ಲಿ ಕಳೆಯುವುದು ಕಾಲು ಭಾಗ ಮಾತ್ರ. ಅಲ್ಲಿ ಬರೀ ಊಹೆಗೂ ಚೂರು ಲಾಭ ಉಂಟು.